ಬಿಸಿ ಏನೈತಿ?

ಹೋಟೆಲಿನ ಬೆಂಚಿನ ಮೇಲೆ ಕೂತ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: 'ಬಿಸಿ ಏನೈತಪಾ?' ಕೂಡ್ಲಿಗಿಯಲ್ಲೂ ಅದೇ, ಕೊಟ್ಟೂರಿನಲ್ಲೂ ಅದೇ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೂ ಅದೇ. ಈಗ ತಾನೇ ಬಾಣಲೆಯಿಂದ ಎತ್ತಿದ್ದು ಎಂದು ಗೊತ್ತಾದರೆ ಸಾಕು, ನಮ್ಮ ವಿಚಾರಣೆ ಮುಗಿಯಿತು. ಯಾವ ಎಣ್ಣೆ, ಎಷ್ಟನೇ ದಿನದ ಎಣ್ಣೆ, ಆ ಕೆಂಪು ಎಲ್ಲಿಂದ ಬಂತು, ಕಾಗದದ ಮೇಲಿನ ಮಸಿ ಎಲ್ಲಿಗೆ ಹೋಯಿತು, ಟೇಬಲ್ ಒರೆಸುತ್ತಿರುವ ಹುಡುಗನ ವಯಸ್ಸೆಷ್ಟು, ಇವು ಯಾವುವೂ ನಮ್ಮ ತಲೆಗೆ ಬರುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ, ತೊಟ್ಟು ನೋಡಿ, ಹುಳದ ತೂತು ಹುಡುಕಿ ಆರಿಸುವ ಜನ ನಾವು. ಹೋಟೆಲಿಗೆ ಬಂದರೆ ಮಾತ್ರ ಎದುರಿಗೆ ಇಟ್ಟದ್ದನ್ನು ಇಟ್ಟ ಹಾಗೆ ಬಾಯಿಗೆ ಹಾಕಿಕೊಳ್ಳುತ್ತೇವೆ. ಕೇಳಿದರೆ ಬಡಾಯಿ ಬೇರೆ: 'ನಮ್ ಕಡೆ ಊಟದ ಮುಂದ ಯಾವುದೂ ಇಲ್ರಿ.'

ಮೊದಲು ಮಿರ್ಚಿ-ಮಂಡಕ್ಕಿಗೇ ಬರೋಣ, ಯಾಕೆಂದರೆ ಅದರ ಸುದ್ದಿ ಎತ್ತಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಕೊಟ್ಟೂರಿನ ಮಿರ್ಚಿ ಎಂದರೆ ಈ ಸೀಮೆಯಲ್ಲಿ ದೇವರ ಪ್ರಸಾದಕ್ಕೆ ಸಮ. ಕೊಟ್ಟೂರೇಶ್ವರನ ತೇರಿಗೆ ನಡೆದು ಬಂದವರು, ಸಂತೆಗೆ ಬಂದವರು, ಕೋರ್ಟಿಗೆ ಬಂದವರು, ಮದುವೆ ಮಾತುಕತೆ ಮುರಿದು ಹೊರಟವರು, ಎಲ್ಲರೂ ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದೇ ಬಸ್ಸು ಹತ್ತುವುದು. ರುಚಿಯ ಬಗ್ಗೆ ನನ್ನದು ತಕರಾರಿಲ್ಲ. ಉದ್ದನೆಯ ತಿಳಿಹಸಿರು ಮೆಣಸಿನಕಾಯಿ ಸೀಳಿ, ಜೀರಿಗೆ-ಉಪ್ಪು-ಹುಣಸೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುವ ಆ ಕೈಚಳಕ ಸುಮ್ಮನೆ ಬರುವುದಲ್ಲ. ಹಸಿ ಈರುಳ್ಳಿ, ಮೇಲೊಂದು ಹನಿ ನಿಂಬೆ ಬಿದ್ದರೆ ಅದಕ್ಕೆ ಸಾಟಿ ಇಲ್ಲ, ಒಪ್ಪಿದೆ.

ಆದರೆ ಸಂಜೆ ಐದಕ್ಕೆ ಗಾಡಿಯ ಮುಂದೆ ನಿಂತು ಬಾಣಲೆಯೊಳಗೆ ಒಮ್ಮೆ ಇಣುಕಿ. ಎಣ್ಣೆ ಹೊಸದಾಗಿದ್ದರೆ ತಳ ಕಾಣಬೇಕು. ಬಹಳ ಕಡೆ ಕಾಣುವುದು ಚಹಾದ ಡಿಕಾಕ್ಷನ್ ಬಣ್ಣ. ಹಿಟ್ಟು ಬಿಟ್ಟ ಕೂಡಲೇ ಅಂಚಿನಲ್ಲಿ ಸಣ್ಣ ನೊರೆ ಏಳುತ್ತದೆ, ಬೇಗ ಇಳಿಯುವುದಿಲ್ಲ. ಕರಿದ ಹಿಟ್ಟಿನ ಕರಕಲು ಚೂರುಗಳು ತಳದಲ್ಲಿ ಸುತ್ತುತ್ತಿರುತ್ತವೆ. ಹೊಗೆ ಕಣ್ಣಿಗೆ ಕುಟುಕುತ್ತದೆ. ಎಣ್ಣೆ ಕಡಿಮೆಯಾಯಿತೆಂದರೆ ಪಾಕೀಟು ಹರಿದು ಹಳೆಯದರ ಮೇಲೇ ಸುರಿಯುತ್ತಾರೆ. ರಾತ್ರಿ ಉಳಿದದ್ದು ಡಬ್ಬಕ್ಕೆ, ನಾಳೆ ಮತ್ತೆ ಬಾಣಲೆಗೆ. ಇದನ್ನೆಲ್ಲ ಗುಟ್ಟಾಗಿ ಹಿತ್ತಲಲ್ಲಿ ಮಾಡುವುದಿಲ್ಲ. ನಡುರಸ್ತೆಯಲ್ಲಿ, ನಮ್ಮ ಮೂಗಿನ ಮುಂದೆ, ಲೈಟು ಹಾಕಿಕೊಂಡು ಮಾಡುತ್ತಾರೆ. ಮುಚ್ಚಿಟ್ಟು ಮೋಸ ಮಾಡಿದ್ದರೆ ಗಾಡಿಯವನನ್ನು ಬೈಯಬಹುದಿತ್ತು. ಕಣ್ಣೆದುರಿಗೆ ಇದ್ದದ್ದನ್ನು ನೋಡದವನಿಗೆ ಯಾರನ್ನು ಬೈಯುವ ಹಕ್ಕಿದೆ?

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಬೇರೆಯೇ ಪದಾರ್ಥವಾಗುತ್ತದೆ. ಹೀಗೆ ಹುಟ್ಟುವ ಕೆಟ್ಟ ಅಂಶಗಳ ಒಟ್ಟು ಪ್ರಮಾಣಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಗಡಿ ಹಾಕಿದೆ: ಶೇ 25. ಅದನ್ನು ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ. 2018ರ ಜುಲೈ 1ರಿಂದ ಈ ನಿಯಮ ಜಾರಿಯಲ್ಲಿದೆ. ಅಳೆಯುವ ಯಂತ್ರ ಗಾಡಿಯವನ ಬಳಿ ಇಲ್ಲ, ನಿಮ್ಮ ಬಳಿಯೂ ಇಲ್ಲ, ನಿಜ. ಆದರೆ ಕಪ್ಪು ಬಣ್ಣ, ಇಳಿಯದ ನೊರೆ, ಬೆರಳಿಗೆ ಅಂಟುವ ಜಿಗುಟು, ಕಡಿಮೆ ಕಾವಿಗೇ ಏಳುವ ಹೊಗೆ, ಇವನ್ನು ಗುರುತಿಸಲು ಯಂತ್ರ ಬೇಕಿಲ್ಲ. ನಿಮ್ಮ ಮನೆಯ ಹೆಂಗಸರು ಇಂಥ ಎಣ್ಣೆಯಲ್ಲಿ ಹಪ್ಪಳ ಕರಿದುಕೊಟ್ಟರೆ ತಟ್ಟೆ ದೂಡಿ ಎದ್ದು ಹೋಗುತ್ತೀರಿ. ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನುತ್ತೀರಿ, ಜೊತೆಗೆ ಇನ್ನೆರಡು ಹೇಳುತ್ತೀರಿ.

ನಾಚಿಕೆಯ ಸಂಗತಿ ಇನ್ನೊಂದಿದೆ. ಕೂಡ್ಲಿಗಿ ತಾಲ್ಲೂಕು ಶೇಂಗಾ ಬೆಳೆಯುವ ನೆಲ. ಗಾಣದ ಎಣ್ಣೆಯ ಘಮವನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಆ ನೆಲದ ಮಿರ್ಚಿಯನ್ನು ಕರಿಯುವುದು ಬಹುಪಾಲು ತಾಳೆಎಣ್ಣೆಯಲ್ಲಿ, ಅಂದರೆ ಇಂಡೊನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬಂದದ್ದರಲ್ಲಿ. ದೇಶ ತಿನ್ನುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಕೊಟ್ಟೂರು ಮಿರ್ಚಿ ಎಂದು ಎದೆ ತಟ್ಟಿಕೊಳ್ಳುವಾಗ ಅದರಲ್ಲಿ ಕೊಟ್ಟೂರಿನದು ಎಷ್ಟು ಎಂದು ಯಾರಾದರೂ ಲೆಕ್ಕ ಹಾಕಿದ್ದೀರಾ?

ಬಾಣಲೆಯಿಂದ ಎತ್ತಿದ್ದು ಎಲ್ಲಿಗೆ ಬೀಳುತ್ತದೆ? ಹಳೆಯ ದಿನಪತ್ರಿಕೆಯ ಮೇಲೆ. ಎಣ್ಣೆ ಹೀರಲಿ ಎಂದು ನಾವೇ ಇನ್ನೊಂದು ಹಾಳೆ ಕೇಳಿ ಪಡೆದು ಮಿರ್ಚಿಯನ್ನು ಒತ್ತಿ ಒತ್ತಿ ಹಿಂಡುತ್ತೇವೆ. ಆರೋಗ್ಯದ ಕಾಳಜಿ! ಬಿಸಿ ಎಣ್ಣೆಗೆ ಮುದ್ರಣದ ಮಸಿ ಕರಗಿ ತಿಂಡಿಗೆ ಹತ್ತುತ್ತದೆ, ಅದರಲ್ಲಿ ಸೀಸದಂಥ ಭಾರಲೋಹಗಳೂ ಇರಬಹುದು ಎಂದು ಪ್ರಾಧಿಕಾರ 2016ರಲ್ಲೂ ಹೇಳಿತು, 2023ರಲ್ಲಿ ಮತ್ತೂ ಹೇಳಿತು. 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ಪತ್ರಿಕೆಯಲ್ಲಿ ಆಹಾರ ಕಟ್ಟುವುದಕ್ಕೆ ನಿಷೇಧವೇ ಇದೆ. ಆ ಎಚ್ಚರಿಕೆಯ ಸುದ್ದಿ ಅಚ್ಚಾದ ಪುಟದ ಮೇಲೆಯೇ ಮಿರ್ಚಿ ತಿಂದವರು ನಮ್ಮಲ್ಲಿ ಇದ್ದರೂ ಇರಬಹುದು. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ಯುವುದು ಮಾತ್ರ ನಮಗೆ ಅವಮಾನ. ಬೈಕಿನ ಡಿಕ್ಕಿಯಲ್ಲಿ ರೇನ್‌ಕೋಟು, ಪಂಚರ್ ಕಿಟ್ಟು, ಹಳೆಯ ಚಪ್ಪಲಿ ಎಲ್ಲಕ್ಕೂ ಜಾಗವಿದೆ, ಡಬ್ಬಿಗೆ ಇಲ್ಲ.

ಈ ಮಾತು ತೆಗೆದರೆ ಸಿಗುವ ಉತ್ತರ ಗೊತ್ತು: 'ನಲವತ್ತು ವರ್ಷದಿಂದ ತಿನ್ನಾಕತ್ತೀನಿ, ನನಗೇನಾಗೇತಿ?' ಹೇಳುವವನ ಅಂಗಿಜೇಬಿನಲ್ಲಿ ಬಿ.ಪಿ. ಮಾತ್ರೆಯ ಶೀಟು ಇರುತ್ತದೆ. ಪಕ್ಕದಲ್ಲಿ ಕೂತು ಹೌದೌದು ಎನ್ನುವವನು ಸಕ್ಕರೆ ಕಾಯಿಲೆಗೆ ಹೆದರಿ ಚಹಾಕ್ಕೆ ಸಕ್ಕರೆ ಬೇಡ ಎಂದಿರುತ್ತಾನೆ, ಮೂರನೇ ಮಿರ್ಚಿ ಮಾತ್ರ ಬೇಡ ಎಂದಿರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಅಂದಾಜು ಸಂಖ್ಯೆ 10 ಕೋಟಿ ದಾಟಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ದೇಶದ ರೋಗಭಾರದ ಶೇ 56.4ರಷ್ಟಕ್ಕೆ ಕೆಟ್ಟ ಆಹಾರ ಕ್ರಮವೇ ಕಾರಣ ಎಂದಿದೆ. ಏನೂ ಆಗಿಲ್ಲ ಎನ್ನುವವರನ್ನೆಲ್ಲ ಸೇರಿಸಿಯೇ ಈ ಲೆಕ್ಕ.

ಇನ್ನು ಮಕ್ಕಳಿಗೆ ನಾವು ಕಲಿಸಿದ ರುಚಿ: ಗೋಬಿ ಮಂಚೂರಿ. ಹಡಗಲಿಯ ಮಲ್ಲಿಗೆಯನ್ನು ವಾಸನೆಯಿಂದಲೇ ಗುರುತಿಸುವ ಮಗುವಿಗೂ ಹೂಕೋಸಿನ ನಿಜವಾದ ರುಚಿ ಏನೆಂದು ಗೊತ್ತಿಲ್ಲ. ಅದು ತಿಂದಿರುವುದು ಹಿಟ್ಟಿನ ಕವಚ, ಸಾಸು, ಬಣ್ಣ, ಬೆಳ್ಳುಳ್ಳಿ. ಈ ಮಂಚೂರಿಗೂ ಚೀನಾದ ಮಂಚೂರಿಯಾಕ್ಕೂ ಸಂಬಂಧವಿಲ್ಲ. 1970ರ ದಶಕದಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ಎಂಬ ಅಡುಗೆಯವರು ಕೋಳಿಯಿಂದ ಮಾಡಿದ ಹೊಸ ತಿನಿಸಿನ ಶಾಕಾಹಾರಿ ತಮ್ಮ ಇದು. ಬೇರೆ ಕಡೆಯಿಂದ ಬಂದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಮೆಣಸಿನಕಾಯಿಯೇ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಆಕ್ಷೇಪ ಇರುವುದು ಆ ಕುಂಕುಮದಂಥ ಕೆಂಪಿಗೆ.

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಪ್ರಯೋಗಾಲಯ ಹೇಳಿತ್ತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಸಿನ್ ಎಂಬ ಬಣ್ಣಗಳು ಸಿಕ್ಕಿದ್ದವು. ಬಣ್ಣದ ಬೊಂಬಾಯಿ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಕೂಡ ಇತ್ತು. ತಪ್ಪಿತಸ್ಥರಿಗೆ ಏಳು ವರ್ಷಕ್ಕೆ ಕಡಿಮೆ ಇಲ್ಲದ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಎಚ್ಚರಿಕೆ ಕೊಟ್ಟರು. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಆಮೇಲೆ ನಮ್ಮಲ್ಲಿ ಏನಾಯಿತು? ಕೆಲವು ದಿನ ಗೋಬಿ ಕಂದುಬಣ್ಣಕ್ಕೆ ತಿರುಗಿತು. ಅದನ್ನು ಕೆಂಪಿಗೆ ತಿರುಗಿಸಿದವರು ಯಾರು? ಗಾಡಿಯ ಹುಡುಗರನ್ನು ಕೇಳಿ ನೋಡಿ, ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: 'ಕಲರ್ ಹಾಕದಿದ್ರ ಗಿರಾಕಿ ಮುಖ ಕಿವುಚ್ತಾರ್ರಿ. ಇದೇನು ಬೆಂದೇ ಇಲ್ಲ ಅಂತಾರ.' ಸರ್ಕಾರ ಬೇಡ ಎಂದದ್ದನ್ನು ಗಿರಾಕಿ ಬೇಕು ಎಂದು ತರಿಸಿಕೊಂಡ. ಅಧಿಕಾರಿಗಳು ಕಣ್ಣುಮುಚ್ಚಿಕೊಂಡಿದ್ದಾರೆ ಎಂದು ಅದೇ ಗಿರಾಕಿ ಟೂತ್‌ಪಿಕ್ಕಿನಲ್ಲಿ ಕೆಂಪು ಗೋಬಿ ಚುಚ್ಚುತ್ತ ಭಾಷಣ ಮಾಡುತ್ತಾನೆ.

ಆ ಗೋಬಿಯ ಗರಿಗರಿ ಕವಚಕ್ಕೆ ಬೇಕಾದ ಕಾರ್ನ್‌ಫ್ಲೋರ್ ಮೆಕ್ಕೆಜೋಳದ ಪಿಷ್ಟ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಹೊಲಗಳನ್ನು ಮಳೆಗಾಲದಲ್ಲಿ ನೋಡಿ, ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಜೋಳ, ಸಜ್ಜೆ, ನವಣೆ ಇದ್ದ ನೆಲ ಅದು. ಬೆಳೆದ ರೈತ ಒಂದು ಕಾಳೂ ತಿನ್ನದೆ ಲೋಡು ಕಳಿಸುತ್ತಾನೆ, ಅದು ಕೋಳಿಯ ಮೇವಿಗೋ ಪಿಷ್ಟದ ಕಾರ್ಖಾನೆಗೋ ಹೋಗುತ್ತದೆ. ಪಿಷ್ಟವಾಗಿ ಪಾಕೀಟಿನಲ್ಲಿ ಊರಿಗೆ ಮರಳಿ ಬಂದದ್ದನ್ನು ಅವನ ಮಗನೇ ಸಂಜೆ ಪ್ಲೇಟಿಗಿಷ್ಟು ಎಂದು ಕೊಟ್ಟು ತಿನ್ನುತ್ತಾನೆ. ಬೆಲೆ ನಿಗದಿಯಲ್ಲಿ ಎರಡು ಸಲವೂ ಅವರಿಗೆ ಮಾತಿಲ್ಲ.

ಭಾನುವಾರದ 'ಫ್ಯಾಮಿಲಿ ರೆಸ್ಟೋರೆಂಟಿ'ನ ಸಂಗತಿ ಬೇರೆಯೇ. ಅಲ್ಲಿ ಮೆನು ಕಾರ್ಡ್ ಇರುತ್ತದೆ, ಓದುವವರು ಯಾರೂ ಇಲ್ಲ. ಸಪ್ಲೈಯರ್ ಬಂದು ನಿಂತ ಕೂಡಲೇ ಮನೆಯ ಯಜಮಾನ ಬಾಯಿಪಾಠ ಒಪ್ಪಿಸುತ್ತಾನೆ: 'ಒಂದು ಗೋಬಿ, ಒಂದು ಮಶ್ರೂಮ್, ಬಟರ್ ನಾನ್, ಪನೀರ್ ಬಟರ್ ಮಸಾಲ, ಕೊನೆಗೆ ಜೀರಾ ರೈಸು, ದಾಲ್.' ಕಾನಹೊಸಹಳ್ಳಿ ಹೆದ್ದಾರಿಯ ಢಾಬಾದಲ್ಲೂ ಇದೇ, ತಾಲ್ಲೂಕು ಕೇಂದ್ರದ ಏಸಿ ಹಾಲಿನಲ್ಲೂ ಇದೇ. ಹೊಸಪೇಟೆಯವರಿಗೆ ಹಂಪಿ ನೋಡಲು ಬರುವ ಪ್ರವಾಸಿಗಳ ನೆಪವಿದೆ. ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳ ಹೋಟೆಲುಗಳಲ್ಲಿ ಉಣ್ಣುವವರು ನಾವೇ, ಆ ನೆಪವೂ ನಮಗಿಲ್ಲ. ಮೈದಾದ ನಾನ್, ಬೆಣ್ಣೆಯ ಹೆಸರಿನಲ್ಲಿ ಏನೋ ಒಂದು ಜಿಡ್ಡು, ಹಾಲಿನದೋ ತಾಳೆಎಣ್ಣೆಯದೋ ತಿಳಿಯದ ಪನೀರು. ಹಾಲಿನ ಕೊಬ್ಬಿಲ್ಲದ ನಕಲು ಪನೀರನ್ನು ಪನೀರೆಂದು ಮಾರುವಂತಿಲ್ಲ ಎಂಬ ನಿಯಮವಿದೆ. ಕೇಳಿದವರು ಯಾರು? ಒಂದೇ ಕೆಂಪು ಗ್ರೇವಿಯಲ್ಲಿ ಮೂರು ಹೆಸರಿನ ಪಲ್ಯ ಬರುತ್ತದೆ, ಮೂರನ್ನೂ 'ಚಲೋ ಐತಿ' ಎಂದು ತಿನ್ನುತ್ತೇವೆ.

ಆ ಮೆನುವಿನಲ್ಲಿ ಜೋಳದ ರೊಟ್ಟಿ ಇದ್ದರೆ ಅದು ಕೊನೆಯ ಪುಟದಲ್ಲಿ. ಪುಂಡಿಪಲ್ಯ, ಹೆಸರುಕಾಳು, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆಂಪು ಖಾರ ಇರುವುದೇ ಅಪರೂಪ. ಹೇಳಿದರೆ ತಕ್ಷಣ ಬರುವ ಮಾತು: 'ಅದನ್ನ ಮನ್ಯಾಗ ದಿನಾ ತಿಂತೀವಲ್ರಿ.' ಸುಳ್ಳು. ಎಷ್ಟು ಮನೆಗಳಲ್ಲಿ ದಿನಾ ರೊಟ್ಟಿ ಬಡಿಯುತ್ತಾರೆ? ಪಡಿತರದ ಅಕ್ಕಿ ಬಂದ ಮೇಲೆ ಎರಡು ಹೊತ್ತೂ ಅನ್ನ, ರೊಟ್ಟಿ ಅಂಗಡಿಯಿಂದ ತಂದ ಕಡಕ್ಕಿನ ಕಟ್ಟು. ಇದೇ ಜನ ಬೆಂಗಳೂರಿಗೆ ಹೋದಾಗ ಉತ್ತರ ಕರ್ನಾಟಕದ ಖಾನಾವಳಿ ಹುಡುಕಿಕೊಂಡು ಆಟೊ ಹತ್ತುತ್ತಾರೆ, ಊರಿನಲ್ಲಿ ಅರ್ಧ ದುಡ್ಡಿಗೆ ಸಿಗುವ ಊಟಕ್ಕೆ ಸಾಲಿನಲ್ಲಿ ನಿಲ್ಲುತ್ತಾರೆ, ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾರೆ. ಊರಲ್ಲಿ ಅದೇ ಖಾನಾವಳಿಯ ಮುಂದೆ ಹಾದುಹೋಗುವಾಗ ಅದು ಬ್ರಹ್ಮಚಾರಿ ನೌಕರರಿಗೆ, ಕೋರ್ಟಿಗೆ ಬಂದ ಮುದುಕರಿಗೆ ಮಾತ್ರ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿತು, ಅದೂ ಭಾರತದ ಪ್ರಸ್ತಾವದ ಮೇಲೆ. ಸಭೆಗಳಲ್ಲಿ ನವಣೆಯ ಗುಣಗಾನವಾಯಿತು, ಸಭೆ ಮುಗಿದ ಮೇಲೆ ಊಟಕ್ಕೆ ಪಲಾವು.

ರೊಟ್ಟಿಗೆ ಒಂದು ಕಷ್ಟವಿದೆ, ಒಪ್ಪುತ್ತೇನೆ. ಹಿಟ್ಟಿಗೆ ಕುದಿನೀರು ಹಾಕಿ, ನಾದಿ, ಕೈಯಲ್ಲಿ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಒಂದೊಂದಕ್ಕೂ ಹೊತ್ತು ಹಿಡಿಯುತ್ತದೆ, ಒಲೆಯ ಮುಂದೆ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತ ಕೂರಬೇಕು. ಆಕೆಗೆ ತಕ್ಕ ಕೂಲಿ ಸಿಗಬೇಕಾದರೆ ರೊಟ್ಟಿಗೆ ತಕ್ಕ ಬೆಲೆ ಇರಬೇಕು. ನಾವು ನಾನ್‌ಗೆ ಕೇಳಿದಷ್ಟು ಕೊಡುತ್ತೇವೆ, ರೊಟ್ಟಿಗೆ ಐದು ರೂಪಾಯಿ ಏರಿದರೆ 'ಏನಿದು ಬಂಗಾರದ್ದಾ?' ಎಂದು ಜಗಳ ತೆಗೆಯುತ್ತೇವೆ. ತಂದೂರಿ ಒಲೆಯ ಮುಂದಿನ ಹೊರಗಿನೂರ ಹುಡುಗನ ಕೈಗೆ ಕೊಟ್ಟ ಬೆಲೆ ನಮ್ಮೂರಿನ ಅವ್ವನ ಕೈಗೆ ಇಲ್ಲ.

ಹೋಟೆಲಿನಲ್ಲಿ ತರಿಸಿದ್ದನ್ನಾದರೂ ಪೂರ್ತಿ ತಿನ್ನುತ್ತೇವೆಯೇ? ಅದೂ ಇಲ್ಲ. ಟೇಬಲ್ ತುಂಬ ಇರದಿದ್ದರೆ ಬಂದ ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ. ಅರ್ಧ ಗ್ರೇವಿ, ಒಂದೂವರೆ ನಾನ್, ಮುಟ್ಟದ ಅನ್ನ ಬಿಟ್ಟು ಏಳುತ್ತೇವೆ. ಕಟ್ಟಿಕೊಡು ಎಂದರೆ ಮಗ ಮುಜುಗರಪಡುತ್ತಾನೆ. ಇದು ಯಾವ ನೆಲ? 1876ರಿಂದ 78ರವರೆಗಿನ ಧಾತು ವರ್ಷದ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಆಗ ಅದರ ತಾಲ್ಲೂಕುಗಳು. ಪರಿಹಾರದ ಕೆಲಸದಲ್ಲಿ ಕಲ್ಲು ಹೊತ್ತ ಗಂಡಾಳಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ ದಿನಗೂಲಿ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸು. ಒಂದು ಪೌಂಡು ಅಂದರೆ ಅರ್ಧ ಕಿಲೊಕ್ಕಿಂತ ಕಡಿಮೆ. ಒಂದು ಭಾನುವಾರ ನಮ್ಮ ಒಂದು ಟೇಬಲಿನಿಂದ ಕಸದ ಬಕೆಟ್ಟಿಗೆ ಹೋಗುವುದು ಅದಕ್ಕಿಂತ ಹೆಚ್ಚಿರುತ್ತದೆ.

ಇಷ್ಟು ಹೊತ್ತು ತಟ್ಟೆಯೊಳಗಿನದನ್ನು ಹೇಳಿದೆ. ತಟ್ಟೆಯ ಸುತ್ತ ಇರುವುದು ಇದಕ್ಕಿಂತ ಕೆಟ್ಟದ್ದು. ಲೋಟ ತೊಳೆಯುವ ಹುಡುಗನಿಗೆ ಮೀಸೆ ಇರಲಿ, ಹಾಲುಹಲ್ಲು ಬಿದ್ದು ಎಷ್ಟು ಕಾಲವಾಯಿತು ಎಂಬ ಅನುಮಾನ ಬರುತ್ತದೆ. ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದಲೇ ನಿಷೇಧವಿದೆ. ನಾವು 'ಲೇ ತಮ್ಮಾ, ನೀರು ತಾ' ಎಂದು ಕೂಗುತ್ತೇವೆ, ಶಾಲೆ ಯಾವುದು ಎಂದು ಕೇಳುವುದಿಲ್ಲ. ಹಳ್ಳಿಯ ಚಹಾದಂಗಡಿಗೆ ಬಂದರೆ ಇನ್ನೂ ಒಂದು ಮಾತಿದೆ. ದಲಿತರಿಗೆ ಬೇರೆ ಲೋಟ, ಹೊರಗಿನ ಕಟ್ಟೆ ಎಂಬ ರೂಢಿ ಪೂರ್ತಿ ಸತ್ತಿಲ್ಲ. ಕೆಲವು ಕಡೆ ಅದು ವೇಷ ಬದಲಿಸಿದೆ ಅಷ್ಟೇ: ಒಬ್ಬರಿಗೆ ಗಾಜಿನ ಲೋಟ, ಇನ್ನೊಬ್ಬರಿಗೆ 'ಶುಚಿತ್ವಕ್ಕಾಗಿ' ಕಾಗದದ ಕಪ್ಪು. ಹೋಟೆಲಿಗೆ ಪ್ರವೇಶ ಎಲ್ಲರ ಹಕ್ಕು ಎಂದು ಸಂವಿಧಾನದ 15ನೇ ವಿಧಿಯಲ್ಲೇ ಬರೆದಿದೆ. ಗಾಂಧೀಜಿಯ ಚಿತಾಭಸ್ಮದ ಸ್ಮಾರಕ ಇರುವ ಊರು ನಮ್ಮ ಕೂಡ್ಲಿಗಿ. ಅಕ್ಟೋಬರ್ 2ರಂದು ಅಲ್ಲಿ ಹೂ ಹಾಕಿ ಬಂದು, ದಾರಿಯ ಅಂಗಡಿಯಲ್ಲಿ ಗಾಜಿನ ಲೋಟದಲ್ಲಿ ಚಹಾ ಕುಡಿಯುವಾಗ, ಪಕ್ಕದವರ ಕೈಯಲ್ಲಿ ಏನಿದೆ ಎಂದು ಕತ್ತು ತಿರುಗಿಸಿ ನೋಡಿದವರು ಎಷ್ಟು ಮಂದಿ? ಮಾಲೀಕನ ತಪ್ಪು ಅದು ಎಂದು ಜಾರಿಕೊಳ್ಳಬೇಡಿ. ಮೇಲ್ಜಾತಿಯ ನಾಲ್ಕು ಖಾಯಂ ಗಿರಾಕಿಗಳು 'ನಮಗೂ ಅವರಿಗೂ ಒಂದೇ ಲೋಟ ಕೊಡು, ಇಲ್ಲದಿದ್ದರೆ ನಾವು ಬರುವುದಿಲ್ಲ' ಎಂದರೆ ಮರುದಿನ ಬೆಳಿಗ್ಗೆ ಆ ಅಂಗಡಿ ಬದಲಾಗುತ್ತದೆ. ಆ ನಾಲ್ವರು ನಾವೇ.

ಓದುವ, ಬಿಡಿಸುವ ಶಕ್ತಿ ನಮಗಿಲ್ಲ ಎನ್ನುವ ಹಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿದರೆ, ಆ ಒಂದು ಸಾಲಿಗೆ ಮಳೆ, ಬೆಳೆ, ಮುಖ್ಯಮಂತ್ರಿಯ ಕುರ್ಚಿ ಎಲ್ಲವನ್ನೂ ಹೊಂದಿಸಿ ವಾರಗಟ್ಟಲೆ ಅರ್ಥ ಹೇಳುತ್ತೇವೆ. ಹೋಟೆಲಿನ ಗೋಡೆಯ ಮೇಲೆ ಇರಲೇಬೇಕಾದ 14 ಅಂಕಿಯ ಆಹಾರ ಪರವಾನಗಿ ಅಥವಾ ನೋಂದಣಿಯ ಸಂಖ್ಯೆ ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ತಳ್ಳುಗಾಡಿಗೂ ನೋಂದಣಿ ಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಆ ಸಂಖ್ಯೆ ಅಚ್ಚಾಗಬೇಕು. ಬಿಲ್ಲು ಕೈಗೆ ಬಂದಾಗ ನಾವು ನೋಡುವುದು ಕೊನೆಯ ಸಾಲಿನ ಮೊತ್ತ, ಆಮೇಲೆ ಸೋಂಪಿನ ತಟ್ಟೆ.

'ಬಡವರು ಹೊಟ್ಟೆಪಾಡಿಗೆ ಗಾಡಿ ಇಟ್ಟುಕೊಂಡಿರುತ್ತಾರೆ, ಅವರ ಮೇಲೆ ಕಾನೂನು ಹೇಳಬೇಡಿ' ಎಂಬ ಕನಿಕರದ ಮಾತು ಇದೆ. ಕೇಳಲು ಚೆನ್ನಾಗಿದೆ. ಆದರೆ ಆ ಗಾಡಿಯ ಮುಂದೆ ನಿಂತು ತಿನ್ನುವವರಲ್ಲಿ ಹೆಚ್ಚಿನವರು ಯಾರು? ಹಮಾಲರು, ಕೂಲಿಯವರು, ಕಾಲೇಜಿನ ಹುಡುಗರು, ಹಳ್ಳಿಯಿಂದ ಬಂದು ಬಸ್ಸಿಗೆ ಕಾಯುವ ಹೆಂಗಸರು. ಕೆಟ್ಟ ಎಣ್ಣೆ ಅವರ ಹೊಟ್ಟೆಗೇ ಮೊದಲು ಇಳಿಯುವುದು, ಆಸ್ಪತ್ರೆಯ ಬಿಲ್ಲು ಕಟ್ಟಲಾಗದವರೂ ಅವರೇ. ಗಾಡಿಯವನ ಮೇಲೆ ಕನಿಕರವಿದ್ದರೆ ಅವನ ಎಣ್ಣೆಯ ಖರ್ಚು ಹಂಚಿಕೊಳ್ಳಿ. 'ಅಣ್ಣಾ, ದಿನಾ ಹೊಸ ಎಣ್ಣಿ ಹಾಕು, ಪೇಪರ್ ಬ್ಯಾಡ, ಪ್ಲೇಟಿಗೆ ಎರಡು ರೂಪಾಯಿ ಜಾಸ್ತಿ ತಗೋ' ಎಂದು ಹೇಳಿ ನೋಡಿ. ನಾನು ಬಲ್ಲ ಒಬ್ಬ ಗಾಡಿಯವ ಒಮ್ಮೆ ತಾನಾಗಿಯೇ ಹಾಗೆ ಮಾಡಿದ, ಬೆಲೆಯನ್ನು ಎರಡೇ ರೂಪಾಯಿ ಏರಿಸಿ ಯಾಕೆಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇಟ್ಟ. ಖಾಯಂ ಗಿರಾಕಿಗಳು ಬರಹ ಓದಲಿಲ್ಲ, ಬೆಲೆ ಓದಿದರು, ಪಕ್ಕದ ಗಾಡಿಗೆ ಹೋಗಿ ನಿಂತರು. ಅಲ್ಲಿಯೂ ಕೇಳಿದ್ದು ಅದನ್ನೇ, ಬಿಸಿ ಏನೈತಿ ಅಂತ.